ಕೇಬಲ್ಲಿಗೆ ರಾಗ ತಿಳಿಯದು



ಮನೆಗೆ ಹೊಸ ಟಿ.ವಿ. ಬಂದಿದೆ, ಗೋಡೆಗೆ ಕೂರಿಸಿಯೂ ಆಗಿದೆ. ಚಿತ್ರ ಕಣ್ಣು ತುಂಬುತ್ತದೆ. ಆದರೆ ಬೆರಳಿನಷ್ಟು ದಪ್ಪದ ಆ ಪೆಟ್ಟಿಗೆಯೊಳಗಿನ ಪುಟ್ಟ ಸ್ಪೀಕರಿನ ದನಿ ತೀರ ತೆಳು. ಕೋಣೆಯ ಮೂಲೆಯಲ್ಲಿ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಇದೆ, ಒಳ್ಳೆಯ ಎರಡು ಸ್ಪೀಕರುಗಳಿವೆ. ಇದಕ್ಕೂ ಅದಕ್ಕೂ ನಂಟು ಹಾಕೋಣವೆಂದು ಟಿ.ವಿ.ಯ ಬೆನ್ನ ಹಿಂದೆ ಇಣುಕಿದರೆ, ಹಿಂದಿನ ಟಿ.ವಿ.ಗಳಲ್ಲಿ ಇರುತ್ತಿದ್ದ ಕೆಂಪು–ಬಿಳಿ ಆಡಿಯೊ ಔಟ್ ಕಾಣಿಸುವುದೇ ಇಲ್ಲ. ಅದರ ಜಾಗದಲ್ಲಿ ಚೌಕಾಕಾರದ ಒಂದು ಪುಟ್ಟ ಬಾಗಿಲು (ಅದೇ ಆಪ್ಟಿಕಲ್ ಸಾಕೆಟ್), ಎರಡು ಮೂರು ಎಚ್‌ಡಿಎಂಐ, ಒಂದು ಯುಎಸ್‌ಬಿ, ಒಂದು ಲ್ಯಾನ್.

ಸರಿ, ಕೇಬಲ್ ತರೋಣವೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಿರೆನ್ನಿ. ಅಲ್ಲಿ ಒಂದೂವರೆ ಮೀಟರಿನ ಆಪ್ಟಿಕಲ್ ಕೇಬಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹವಾನಿಯಂತ್ರಿತ ಹೈ-ಫೈ ಮಳಿಗೆಯ ಗಾಜಿನ ಕಪಾಟಿನಲ್ಲಿ ಅದೇ ಉದ್ದದ ಕೇಬಲ್ಲಿಗೆ ಹತ್ತಾರು ಸಾವಿರ ರೂಪಾಯಿ. 'ಇದನ್ನ ಹಾಕಿ ನೋಡಿ ಸಾರ್, ವೀಣೆಯ ಮಂದ್ರ ಹೇಗೆ ತುಂಬಿ ಬರುತ್ತೆ, ತಂಬೂರಿಯ ಜವಾರಿ ಹೇಗೆ ಬಿಚ್ಚಿಕೊಳ್ಳುತ್ತೆ' ಎಂಬ ಶಿಫಾರಸು ಬೇರೆ. ಇಷ್ಟು ದೊಡ್ಡ ಬೆಲೆಯ ಅಂತರಕ್ಕೆ ಕಿವಿಗೆ ಸಿಗುವುದೇನು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಡಿಜಿಟಲ್ ಕೇಬಲನ್ನು ಆರಿಸಬೇಕಾದದ್ದು ಮೂರು ಸಂಗತಿ ನೋಡಿ: ಯಾವ ಸಾಕೆಟ್, ಎಷ್ಟು ಉದ್ದ, ಯಾವ ಮಾನಕ. ಬೆಲೆ ಆ ಪಟ್ಟಿಯಲ್ಲಿಲ್ಲ. ಯಾಕಿಲ್ಲ ಎಂಬುದನ್ನು ಈಗ ನೋಡೋಣ.

ಹಳೆಯ ಕೆಂಪು–ಬಿಳಿ ವೈರುಗಳಲ್ಲಿ ಹರಿಯುವುದು ಅನಲಾಗ್ ಸಂಕೇತ. ಅಲ್ಲಿ ವಿದ್ಯುತ್ತಿನ ಏರಿಳಿತವೇ ಸಂಗೀತದ ಏರಿಳಿತ. ಪಕ್ಕದ ಕರೆಂಟು ವೈರಿನಿಂದ ಚೂರು ಗುಂಯ್‌ಗುಡುವಿಕೆ ಸೇರಿಕೊಂಡರೆ ಅದನ್ನು ಸಂಗೀತದಿಂದ ಬೇರ್ಪಡಿಸುವ ಉಪಾಯ ಆಂಪ್ಲಿಫೈಯರಿಗೆ ಗೊತ್ತಿಲ್ಲ. ಎರಡನ್ನೂ ಕೂಡಿಸಿಯೇ ದೊಡ್ಡದು ಮಾಡುತ್ತದೆ. ಡಿಜಿಟಲ್ ಕೇಬಲಿನಲ್ಲಿ ಹಾಗಲ್ಲ. ಅಲ್ಲಿ ಹೋಗುವುದು ಅಂಕಿಗಳು. 1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸಿ.ಡಿ.ಯನ್ನೇ ತೆಗೆದುಕೊಳ್ಳಿ. ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ ಸೊನ್ನೆ–ಒಂದುಗಳ 16 ಸ್ಥಾನಗಳಲ್ಲಿ ಬರೆದಿಡುತ್ತಾರೆ. ಎಡ–ಬಲ ಎರಡೂ ಸೇರಿ ಸೆಕೆಂಡಿಗೆ 14,11,200 ಬಿಟ್‌ಗಳು. ಇವನ್ನು ಮತ್ತೆ ದನಿಯಾಗಿಸುವುದು ಡ್ಯಾಕ್ ಎಂಬ ಉಪಕರಣದ ಕೆಲಸ. ಅಂಕಿಯನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಿಸುವ ಚಿಪ್ ಅದು. ಸೌಂಡ್‌ಬಾರಿನಲ್ಲೂ ಇರುತ್ತದೆ, ಹೋಮ್ ಥಿಯೇಟರಿನಲ್ಲೂ ಇರುತ್ತದೆ, ಬೇರೆ ಪೆಟ್ಟಿಗೆಯಾಗಿಯೂ ಸಿಗುತ್ತದೆ.

ಡ್ಯಾಕ್‌ಗೆ ಬೇಕಾದ ಅಂಕಿಗಳನ್ನು ಮುಟ್ಟಿಸುವುದಷ್ಟೇ ಕೇಬಲಿನ ಪಾತ್ರ. ದಿನಸಿ ಅಂಗಡಿಗೆ ಕಳುಹಿಸುವ ಚೀಟಿಯ ಹಾಗೆ. 'ತೊಗರಿಬೇಳೆ ಎರಡು ಕೆ.ಜಿ.' ಎಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಚಿದರೂ ಅಷ್ಟೇ, ಚಿನ್ನದಂಚಿನ ಕಾಗದದಲ್ಲಿ ಬರೆದರೂ ಅಷ್ಟೇ. ಓದಲು ಬಂದರೆ ಸಾಕು, ತಕ್ಕಡಿಗೆ ಬೀಳುವುದು ಎರಡೇ ಕೆ.ಜಿ.

ಈ ಮಾತಿಗೆ ಗಟ್ಟಿಯಾದ ಗಣಿತದ ಆಧಾರವಿದೆ. ಅಮೆರಿಕದ ಕ್ಲಾಡ್ ಶಾನನ್ 1948ರಲ್ಲಿ ಪ್ರಕಟಿಸಿದ ಪ್ರಬಂಧ ಅದನ್ನು ತೋರಿಸಿಕೊಟ್ಟಿತು. ದಾರಿಯಲ್ಲಿ ಗದ್ದಲವಿದ್ದರೂ, ಆ ದಾರಿ ತಾಳುವ ಒಂದು ಮಿತಿಯೊಳಗೆ, ಸಂದೇಶವನ್ನು ತಪ್ಪಿಲ್ಲದೆ ದಾಟಿಸುವುದು ಸಾಧ್ಯ ಎಂಬುದು ಅದರ ತಿರುಳು. ಇಂದಿನ ಮೊಬೈಲ್, ಇಂಟರ್ನೆಟ್, ಉಪಗ್ರಹ ಸಂಪರ್ಕ ಎಲ್ಲವೂ ಆ ನಂಬಿಕೆಯ ಮೇಲೆಯೇ ನಡೆಯುತ್ತಿವೆ. ಕೋಟ್ಯಂತರ ಕಿಲೋಮೀಟರ್ ದೂರದ ಮಂಗಳ ಗ್ರಹದಿಂದ ಚಿತ್ರಗಳು ಬರುವುದೂ ಅಂಕಿಗಳಾಗಿಯೇ.

ಹಾಗಾದರೆ ಕೇಬಲ್ ಕೆಟ್ಟದ್ದಾದರೆ ಏನೂ ಆಗುವುದಿಲ್ಲವೆ? ಖಂಡಿತ ಆಗುತ್ತದೆ, ಆದರೆ ಮಾರುವವರು ಹೇಳುವಂಥದ್ದಲ್ಲ. 16 ಸ್ಥಾನಗಳಲ್ಲಿ ಮೊದಲ ಸ್ಥಾನದ ಒಂದು ಬಿಟ್ ತಿರುವುಮುರುವಾದರೂ ಆ ಅಳತೆ ಇಡೀ ವ್ಯಾಪ್ತಿಯ ಅರ್ಧದಷ್ಟು ಹಾರಿಬಿಡುತ್ತದೆ. ಕಿವಿಗೆ ಅದು 'ಟಪ್' ಎಂಬ ಸದ್ದು. ತಪ್ಪುಗಳು ಹೆಚ್ಚಿದರೆ ಹಾಡು ತುಂಡಾಗುತ್ತದೆ, ಕೊನೆಗೆ ಡ್ಯಾಕ್ ಸೋತು ಸುಮ್ಮನಾಗುತ್ತದೆ. ಇವು ಡಿಜಿಟಲ್ ಕೇಬಲ್ ಕೆಟ್ಟಿದೆ ಎಂಬುದರ ಲಕ್ಷಣಗಳು. ಮಂದ್ರ ತುಂಬಿ ಬರಬೇಕಾದರೆ, ಸೆಕೆಂಡಿಗೆ ಬರುವ ನಲವತ್ತನಾಲ್ಕು ಸಾವಿರ ಅಳತೆಗಳಲ್ಲಿ ತಗ್ಗುಸ್ವರಕ್ಕೆ ಸೇರಿದ ಪಾಲು ಎಷ್ಟೆಂದು ಲೆಕ್ಕಹಾಕಿ, ಒಂದೊಂದನ್ನೂ ತಕ್ಕ ಪ್ರಮಾಣದಲ್ಲಿ ತಿದ್ದಬೇಕು. ಅದನ್ನು ಕಂಪ್ಯೂಟರ್ ಮಾಡುತ್ತದೆ, ಈಕ್ವಲೈಸರ್ ಮಾಡುತ್ತದೆ. ಒಂದೂವರೆ ಮೀಟರ್ ತಾಮ್ರಕ್ಕೆ ಆ ಲೆಕ್ಕ ಬರುವುದಿಲ್ಲ. ಯಾವ ಬಿಟ್ ಮಂದ್ರದ್ದು, ಯಾವುದು ತಾರದ್ದು ಎಂಬುದೇ ಅದಕ್ಕೆ ತಿಳಿಯದು.

ಇನ್ನು ಬಗೆಗಳು. ಮನೆಯ ಹೈ-ಫೈ ವ್ಯವಸ್ಥೆಯಲ್ಲಿ ಐದು ಬಗೆಯ ಡಿಜಿಟಲ್ ಕೇಬಲ್‌ಗಳು ಎದುರಾಗುತ್ತವೆ.

ಮೊದಲನೆಯದು ಕೊಯಾಕ್ಸಿಯಲ್. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಸೇರಿ ಮಾಡಿದ ಎಸ್‌ಪಿಡಿಐಎಫ್ ಎಂಬ ಏರ್ಪಾಡಿನ ಕೇಬಲ್ ಇದು. ಬಾನುಲಿ ಕೇಂದ್ರಗಳ, ಧ್ವನಿಮುದ್ರಣ ಸ್ಟುಡಿಯೊಗಳ ಬಳಕೆಗೆಂದು 1985ರಲ್ಲಿ ಹೊರಬಂದ ಎಇಎಸ್-3 ಮಾನಕ ಇದರದೇ ಕುಟುಂಬದ್ದು. ಡಿವಿಡಿ ಪ್ಲೇಯರುಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಿತ್ತಳೆ ಬಣ್ಣದ ಒಂಟಿ ಸಾಕೆಟ್ ಇರುತ್ತಿತ್ತಲ್ಲ, ಅದೇ. ಒಂದೇ ವೈರಿನಲ್ಲಿ ಎಡ–ಬಲ ಎರಡೂ ದನಿ ಹೋಗುತ್ತವೆ.

ಇಲ್ಲಿ ನೋಡಬೇಕಾದ ಅಂಕಿ ಒಂದೇ: 75 ಓಮ್ ಇಂಪೀಡೆನ್ಸ್, ಅಂದರೆ ಓಡುವ ಸಂಕೇತಕ್ಕೆ ಕೇಬಲ್ ಒಡ್ಡುವ ತಡೆ. ಮಲ್ಟಿಮೀಟರ್ ಇಟ್ಟು ಅಳೆದರೆ ಈ 75 ಸಿಗುವುದಿಲ್ಲ. ಒಳಗಿನ ತಾಮ್ರದ ಎಳೆಯ ದಪ್ಪ, ಹೊರಗಿನ ಜಾಲರಿಯ ಅಗಲ, ನಡುವಿನ ಪ್ಲಾಸ್ಟಿಕ್ಕಿನ ಗುಣ ಇವು ಸೇರಿ ಅದನ್ನು ನಿರ್ಧರಿಸುತ್ತವೆ. ಕೇಬಲಿನ ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಸಾಕೆಟ್ಟಿಗೂ ಕೇಬಲಿಗೂ ಈ 75ರ ಹೊಂದಾಣಿಕೆ ತಪ್ಪಿದರೆ ಸಂಕೇತದ ಒಂದು ಪಾಲು ಕೊನೆಯಲ್ಲಿ ಮುಗ್ಗರಿಸಿ ಹಿಂದಕ್ಕೆ ಬರುತ್ತದೆ. ಎಷ್ಟು ಕೆಡುಕಾದೀತು ಎಂಬುದನ್ನು ನಾವೇ ಲೆಕ್ಕ ಹಾಕಬಹುದು. ಇಂಥ ಕೇಬಲಿನಲ್ಲಿ ಸಂಕೇತ ಒಂದು ಮೀಟರ್ ದಾಟಲು ಸುಮಾರು 5 ನ್ಯಾನೊ ಸೆಕೆಂಡ್ ಬೇಕು. ನ್ಯಾನೊ ಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ. ಒಂದು ಮೀಟರಿನ ಕೇಬಲಿನಲ್ಲಿ ಪ್ರತಿಧ್ವನಿ ಹೋಗಿ ಬರಲು 10 ನ್ಯಾನೊ ಸೆಕೆಂಡ್ ಸಾಕು. ಸಿ.ಡಿ.ಯ ಸಂಕೇತದಲ್ಲಿ ಅತಿ ಚಿಕ್ಕ ಮಿಡಿತದ ಅಗಲ ಸುಮಾರು 177 ನ್ಯಾನೊ ಸೆಕೆಂಡ್. ಅಂದರೆ ಮಿಡಿತದ ಆರಂಭದಲ್ಲೇ ಗಲಾಟೆ ಮುಗಿದಿರುತ್ತದೆ; ಅದು ಸೊನ್ನೆಯೋ ಒಂದೋ ಎಂದು ಗುರುತಿಸಲು ಡ್ಯಾಕ್‌ಗೆ ಬೇಕಾದಷ್ಟು ಸಮಯ ಉಳಿದಿರುತ್ತದೆ. ಮನೆಯಲ್ಲಿ ಬಿದ್ದಿರುವ ಮಾಮೂಲಿ ಕೆಂಪು–ಬಿಳಿ ಆರ್‌ಸಿಎ ವೈರೂ ಒಂದು ಮೀಟರಿಗೆ ಕೆಲಸ ಮಾಡಿಬಿಡುವುದು ಇದೇ ಕಾರಣಕ್ಕೆ. ಹತ್ತು ಮೀಟರ್ ಎಳೆಯಬೇಕಾದಾಗ ಲೆಕ್ಕ ಬದಲಾಗುತ್ತದೆ. ಪ್ರತಿಧ್ವನಿ 100 ನ್ಯಾನೊ ಸೆಕೆಂಡ್ ತಡವಾಗಿ ಬರುತ್ತದೆ, ಮಿಡಿತದ ನಡುಮಧ್ಯೆ ಬಂದು ಕೂರುತ್ತದೆ. ಆಗ ನಿಜವಾದ 75 ಓಮ್ ಕೇಬಲ್ ಬೇಕೇ ಬೇಕು. ಸೆಕೆಂಡಿಗೆ ಇನ್ನೂ ಹೆಚ್ಚು ಸಲ ಅಳೆದ, 192 ಕಿಲೊಹರ್ಟ್ಸ್‌ನ ಧ್ವನಿಮುದ್ರಣಗಳನ್ನು ಕೇಳುವವರಿಗೂ ಈ ಮಾತು ಅನ್ವಯ. ಅಲ್ಲಿ ಮಿಡಿತದ ಅಗಲವೇ ಸುಮಾರು 41 ನ್ಯಾನೊ ಸೆಕೆಂಡಿಗೆ ಇಳಿದಿರುತ್ತದೆ.

ಒಳ್ಳೆಯ ಸುದ್ದಿಯೆಂದರೆ 75 ಓಮ್ ಕೇಬಲ್ ದುಬಾರಿ ವಸ್ತುವೇ ಅಲ್ಲ. ಮನೆಮನೆಯ ತಾರಸಿಯಿಂದ ಇಳಿದು ಬರುವ ಡಿಷ್ ವೈರು, ಅಂದರೆ ಆರ್‌ಜಿ-6, ಅದೂ 75 ಓಮ್ ಕೇಬಲ್ಲೇ. ಹಳೆಯ ವಿಡಿಯೊ ಸೆಟ್ಟಿನ ಹಳದಿ ಪಿನ್ನಿನ ವೈರೂ ಆ ಲೆಕ್ಕಕ್ಕೇ ತಯಾರಾದದ್ದು. ಎರಡು ತುದಿಗೆ ಒಳ್ಳೆಯ ಆರ್‌ಸಿಎ ಪಿನ್ ಕೂರಿಸಿದ ಆರ್‌ಜಿ-6 ಕೇಬಲ್ ಯಾವ ಬೈಠಕ್ಕಿನಲ್ಲೂ ತಲೆತಗ್ಗಿಸಬೇಕಿಲ್ಲ.

ಎರಡನೆಯದು ಆಪ್ಟಿಕಲ್. ತೋಷಿಬಾ ಕಂಪನಿ 1983ರಲ್ಲಿ ತಂದ ಇದಕ್ಕೆ ಟಾಸ್‌ಲಿಂಕ್ ಎಂದು ಹೆಸರು. ಎಸ್‌ಪಿಡಿಐಎಫ್‌ನ ಅದೇ ಅಂಕಿಗಳು ಇಲ್ಲಿ ಕೆಂಪು ಬೆಳಕಿನ ಮಿನುಗಾಗಿ, ಸುಮಾರು ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆಯೊಳಗೆ ಹಾಯುತ್ತವೆ. ಇದರ ದೊಡ್ಡ ಗುಣವೆಂದರೆ ಎರಡು ಉಪಕರಣಗಳ ನಡುವೆ ಲೋಹದ ಸಂಪರ್ಕವೇ ಇರುವುದಿಲ್ಲ. ಟಿ.ವಿ.ಯ ಕಡೆಯ, ಕೇಬಲ್ ಟಿ.ವಿ. ಲೈನಿನ ಕಡೆಯ ವಿದ್ಯುತ್ ಕಿರಿಕಿರಿ ಆಂಪ್ಲಿಫೈಯರಿಗೆ ದಾಟುವ ಮಾತೇ ಇಲ್ಲ. ಇತಿಮಿತಿಗಳೂ ಇವೆ. ಐದು ಮೀಟರಿನೊಳಗೆ ಇದ್ದರೆ ನೆಮ್ಮದಿ. ಹೆಚ್ಚು ಉದ್ದವಾದಂತೆ ಬೆಳಕು ಸೊರಗುತ್ತದೆ. ಮೂಲೆಯಲ್ಲಿ ಚೂಪಾಗಿ ಮಡಚಬಾರದು. ಅನೇಕ ಉಪಕರಣಗಳ ಆಪ್ಟಿಕಲ್ ಸಾಕೆಟ್ 96 ಕಿಲೊಹರ್ಟ್ಸ್‌ಗೇ ನಿಲ್ಲುತ್ತದೆ. ಹೊಸ ಕೇಬಲಿನ ಎರಡೂ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಚುಚ್ಚಿ, 'ಸೌಂಡ್ ಬರ್ತಿಲ್ಲ' ಎಂದು ಅಂಗಡಿಗೆ ಮರಳುವವರೂ ಇದ್ದಾರೆ. ಕೇಬಲಿನ ಒಂದು ತುದಿಯನ್ನು ಟಿ.ವಿ.ಗೆ ಸೇರಿಸಿ, ಇನ್ನೊಂದು ತುದಿಯನ್ನು ಅಂಗೈ ಮೇಲೆ ಹಿಡಿಯಿರಿ. ಕೆಂಪು ಚುಕ್ಕೆ ಕಂಡರೆ ಬೆಳಕು ಬರುತ್ತಿದೆ ಎಂದರ್ಥ.

ಬೆಳಕು ಬರುತ್ತಿದ್ದರೂ ದನಿ ಬರದಿದ್ದರೆ? ಬಹಳ ಮನೆಗಳಲ್ಲಿ ತೊಡಕು ಇರುವುದು ಟಿ.ವಿ.ಯ ಸೆಟ್ಟಿಂಗಿನಲ್ಲಿ. ಆಪ್ಟಿಕಲ್ ಸಾಕೆಟ್ಟಿನಿಂದ ಎರಡು ಚಾನೆಲ್‌ನ, ಅಡಕ ಮಾಡದ ಪಿಸಿಎಂ ಹೊರಡಬಹುದು, ಇಲ್ಲವೆ ಅಡಕ ಮಾಡಿದ ಡಾಲ್ಬಿ ಡಿಜಿಟಲ್ ಹೊರಡಬಹುದು. ಸ್ಟೀರಿಯೊ ಡ್ಯಾಕ್‌ಗೆ, 'ಆಪ್ಟಿಕಲ್ ಟು ಆರ್‌ಸಿಎ' ಎಂದು ಮಾರುವ ಪುಟ್ಟ ಪೆಟ್ಟಿಗೆಗೆ ಡಾಲ್ಬಿ ಸಾಮಾನ್ಯವಾಗಿ ಅರ್ಥವಾಗುವುದಿಲ್ಲ. ಟಿ.ವಿ.ಯ ಆಡಿಯೊ ಮೆನುವಿಗೆ ಹೋಗಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂ ಮಾಡಿ. ಹೊಸ ಕೇಬಲ್ ಕೊಳ್ಳುವ ಮೊದಲು ಈ ಕೆಲಸ ಮಾಡಿ ನೋಡಿ. ಇದಕ್ಕೆ ಕಾಸು ಖರ್ಚಿಲ್ಲ.

ಮೂರನೆಯದು ಎಚ್‌ಡಿಎಂಐ. ಸೌಂಡ್‌ಬಾರ್ ಅಥವಾ ಹೋಮ್ ಥಿಯೇಟರ್ ಇದ್ದವರಿಗೆ ಇದೇ ಅನುಕೂಲ. ಟಿ.ವಿ.ಯ ಎಲ್ಲ ಎಚ್‌ಡಿಎಂಐ ಸಾಕೆಟ್‌ಗಳೂ ದನಿಯನ್ನು ಹೊರಗೆ ಕಳಿಸುವುದಿಲ್ಲ. ಎಆರ್‌ಸಿ ಎಂದು ಬರೆದಿರುವ ಒಂದೇ ಸಾಕೆಟ್ ಕಳಿಸುತ್ತದೆ. 2009ರ ಎಚ್‌ಡಿಎಂಐ 1.4ರಲ್ಲಿ ಬಂದ ಎಆರ್‌ಸಿ ಹೆಚ್ಚುಕಡಿಮೆ ಆಪ್ಟಿಕಲ್‌ನಷ್ಟೇ ಹೊರೆ ಹೊರುತ್ತದೆ. 2017ರ 2.1ರಲ್ಲಿ ಬಂದ ಇ-ಎಆರ್‌ಸಿ ಡಾಲ್ಬಿ ಟ್ರೂಎಚ್‌ಡಿಯಂಥ, ಏನನ್ನೂ ಕಳೆಯದ ಬಹುವಾಹಿನಿ ದನಿಯನ್ನೂ ಒಯ್ಯಬಲ್ಲದು. ಕೇಬಲ್ ಕೊಳ್ಳುವಾಗ 'ಅಲ್ಟ್ರಾ ಹೈ ಸ್ಪೀಡ್' ಎಂಬ ಪ್ರಮಾಣಪತ್ರದ ಚೀಟಿ ಇದೆಯೇ ನೋಡಿ. ಅದರ ಮೇಲಿನ ಕ್ಯೂಆರ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಎರಡು ಮೀಟರಿನ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನದು ಬೇಡ.

ನಾಲ್ಕನೆಯದು ಯುಎಸ್‌ಬಿ. ಲ್ಯಾಪ್‌ಟಾಪಿನಿಂದ ಡ್ಯಾಕ್‌ಗೆ ಹಾಡು ಕಳಿಸುವವರು ಬಳಸುವುದು ಇದನ್ನು. ಅನೇಕ ಡ್ಯಾಕ್‌ಗಳಿಗೆ ಬೇಕಾದದ್ದು ಪ್ರಿಂಟರಿಗೆ ಹಾಕುವ ಕೇಬಲ್ಲೇ. ಯುಎಸ್‌ಬಿ 2.0ರ ವೇಗ ಸೆಕೆಂಡಿಗೆ 48 ಕೋಟಿ ಬಿಟ್. 24 ಬಿಟ್, 192 ಕಿಲೊಹರ್ಟ್ಸ್‌ನ ಸ್ಟೀರಿಯೊ ಸಂಗೀತಕ್ಕೆ ಬೇಕಾದದ್ದು ಒಂದು ಕೋಟಿಗೂ ಕಡಿಮೆ. ಉದ್ದ ಐದು ಮೀಟರ್ ದಾಟದಿರಲಿ. ಟೈಪ್-ಸಿ ಕೊಳ್ಳುವಾಗ ಮಾತ್ರ ಒಂದು ಎಚ್ಚರ: ಬರೀ ಚಾರ್ಜಿಂಗಿಗೆಂದು ಮಾಡಿದ ಕೇಬಲ್‌ಗಳಲ್ಲಿ ಡೇಟಾ ಎಳೆಗಳೇ ಇರುವುದಿಲ್ಲ. ಐದನೆಯದು ಲ್ಯಾನ್ ಕೇಬಲ್. ಇಂಟರ್ನೆಟ್ಟಿನ ಹಾಡು ಕೇಳಿಸುವ ಸ್ಟ್ರೀಮರಿಗೆ ಇದು ಸಾಕು. ಇಲ್ಲಿ ಪ್ರತಿ ಕಂತಿನ ಅಂಕಿಗಳನ್ನೂ ತಾಳೆ ನೋಡಿ, ತಪ್ಪಿದ್ದನ್ನು ಮತ್ತೆ ತರಿಸಿಕೊಳ್ಳುವ ಏರ್ಪಾಡಿರುವುದರಿಂದ 'ಆಡಿಯೊಫೈಲ್ ಲ್ಯಾನ್ ಕೇಬಲ್' ಎಂಬುದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ವಾದವನ್ನೂ ಕೇಳಬೇಕು. ದುಬಾರಿ ಕೇಬಲಿನ ಪರ ಮಾತನಾಡುವವರು ಎರಡು ತಾಂತ್ರಿಕ ಕಾರಣ ಕೊಡುತ್ತಾರೆ. ಎರಡರಲ್ಲೂ ನಿಜದ ಅಂಶವಿದೆ.

ಒಂದು, ಜಿಟ್ಟರ್. ಅಂಕಿಗಳು ಸರಿಯಿದ್ದರೆ ಸಾಲದು, ಅವು ಸರಿಯಾದ ತಾಳಕ್ಕೆ ದನಿಯಾಗಬೇಕು. ಕೊಯಾಕ್ಸಿಯಲ್ ಮತ್ತು ಆಪ್ಟಿಕಲ್‌ನಲ್ಲಿ ಆ ತಾಳವನ್ನು ಡ್ಯಾಕ್ ಬರುವ ಸಂಕೇತದಿಂದಲೇ ಹೆಕ್ಕಿಕೊಳ್ಳುತ್ತದೆ. ಕೇಬಲ್ ಕಳಪೆಯಾದರೆ ಮಿಡಿತಗಳ ಅಂಚು ಮಸುಕಾಗಿ ತಾಳ ನ್ಯಾನೊ ಸೆಕೆಂಡುಗಳ ಮಟ್ಟದಲ್ಲಿ ಅಲುಗಾಡಬಹುದು. ಇದಕ್ಕೆ ಮದ್ದು ಡ್ಯಾಕಿನ ಒಳಗಿದೆ. ಒಳ್ಳೆಯ ಡ್ಯಾಕ್ ಬಂದ ಅಂಕಿಗಳನ್ನು ಕೂಡಿಟ್ಟುಕೊಂಡು ತನ್ನದೇ ಗಡಿಯಾರದ ಲಯಕ್ಕೆ ಹೊರಗೆ ಬಿಡುತ್ತದೆ. ಅಸಿಂಕ್ರೊನಸ್ ಯುಎಸ್‌ಬಿಯಲ್ಲಂತೂ ಡ್ಯಾಕೇ ಯಜಮಾನ. ಕಂಪ್ಯೂಟರ್ ಅದು ಕೇಳಿದಷ್ಟನ್ನು ಕೊಡುತ್ತದೆ. ಡ್ಯಾಕ್ ಹಳೆಯದಾಗಿದ್ದು ಜಿಟ್ಟರ್ ಕಾಡುತ್ತಿದ್ದರೆ ಹಣವನ್ನು ಡ್ಯಾಕಿಗೆ ಹಾಕಿ.

ಇನ್ನೊಂದು, ಅರ್ತಿಂಗಿನ ತಂಟೆ. ಯುಎಸ್‌ಬಿ, ಕೊಯಾಕ್ಸಿಯಲ್, ಎಚ್‌ಡಿಎಂಐ ಮೂರರಲ್ಲೂ ಲೋಹವಿದೆ. ಆ ಲೋಹದ ಜಾಲರಿಯ ಮೂಲಕ ಒಂದು ಉಪಕರಣದ ಗದ್ದಲ ಇನ್ನೊಂದರ ಅನಲಾಗ್ ಭಾಗಕ್ಕೆ ದಾಟಬಹುದು. ಸ್ಪೀಕರಿನಲ್ಲಿ 50 ಹರ್ಟ್ಸ್‌ನ ಗುಂಯ್ ಎಂಬ ದನಿ, ಮೌಸ್ ಅಲುಗಿಸಿದಾಗ ಕೀರಲು ಸದ್ದು, ಇವೆಲ್ಲ ಅದರದೇ ಕಾಟ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತರೆ ಕಾರಣ ಗೊತ್ತಾಯಿತು. ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಅಥವಾ ಆಪ್ಟಿಕಲ್‌ಗೆ ಬದಲಾಯಿಸಿ. ಇದಕ್ಕೆ ಪರಿಹಾರವೆಂದು ಕೆಲವರು ಮೂರು ಪಿನ್ನಿನ ಪ್ಲಗ್ಗಿನಿಂದ ದಪ್ಪ ಅರ್ತ್ ಪಿನ್ ಮುರಿದು ಹಾಕುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆ ಪಿನ್ ಇರುವುದು ಜೀವ ಕಾಯಲು.

ಇನ್ನು ಚಿನ್ನದ ಲೇಪನ. ಚಿನ್ನಕ್ಕಿಂತ ತಾಮ್ರ, ತಾಮ್ರಕ್ಕಿಂತ ಬೆಳ್ಳಿ ಉತ್ತಮ ವಿದ್ಯುತ್ ವಾಹಕ. ಚಿನ್ನದ ಹೆಚ್ಚುಗಾರಿಕೆ ಅದು ಕಿಲುಬು ಹಿಡಿಯದಿರುವುದು. ಕಾರವಾರ, ಮಂಗಳೂರಿನಂಥ ಉಪ್ಪುಗಾಳಿಯ ಊರಿನಲ್ಲಿ ಆರ್‌ಸಿಎ ಪಿನ್ನಿಗೆ ಚಿನ್ನದ ಲೇಪನವಿದ್ದರೆ ಒಳ್ಳೆಯದೇ. ಸಾಧಾರಣ ಬೆಲೆಯ ಕೇಬಲ್‌ಗಳಲ್ಲೂ ಅದು ಇರುತ್ತದೆ. ಆದರೆ ಆಪ್ಟಿಕಲ್ ಕೇಬಲಿನ ತುದಿಗೂ ಚಿನ್ನ ಬಳಿದು ಮಾರುತ್ತಾರಲ್ಲ, ಅಲ್ಲಿ ಹೋಗುವುದು ಬೆಳಕು. ಆ ಚಿನ್ನ ಅಲಂಕಾರಕ್ಕೆ ಮಾತ್ರ. ಮಾಮೂಲಿ ಕೇಬಲಿನ ಮೇಲೆ ಬರೆದ ಬಾಣದ ಗುರುತಿಗೂ ಅಷ್ಟೇ ಬೆಲೆ ಕೊಟ್ಟರೆ ಸಾಕು. ಉದ್ದನೆಯ ಫೈಬರ್ ಎಚ್‌ಡಿಎಂಐ ಕೇಬಲ್‌ಗಳಲ್ಲಿ ಮಾತ್ರ ಯಾವ ತುದಿ ಎಲ್ಲಿಗೆ ಎಂಬುದನ್ನು ಪಾಲಿಸಲೇಬೇಕು, ಏಕೆಂದರೆ ಅವುಗಳ ತುದಿಯಲ್ಲಿ ಚಿಪ್‌ಗಳಿರುತ್ತವೆ.

'ಏನೇ ಹೇಳಿ, ನನ್ನ ಕಿವಿಗೆ ವ್ಯತ್ಯಾಸ ಕೇಳಿಸುತ್ತದೆ' ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ದುಬಾರಿ ವಸ್ತು ಕಣ್ಣೆದುರಿದ್ದರೆ ಮನಸ್ಸು ಹೆಚ್ಚು ಗಮನವಿಟ್ಟು ಕೇಳುತ್ತದೆ, ಗಮನವಿಟ್ಟಾಗ ಹೆಚ್ಚು ಕೇಳಿಸುತ್ತದೆ. ಅದಕ್ಕೇ ಪರೀಕ್ಷೆ ಕಣ್ಣು ಕಟ್ಟಿ ನಡೆಯಬೇಕು. ಮನೆಯವರೊಬ್ಬರು ನಾಣ್ಯ ಚಿಮ್ಮಿ, ನಿಮಗೆ ಕಾಣದಂತೆ ಕೇಬಲ್ ಬದಲಿಸಲಿ, ಅಥವಾ ಬದಲಿಸಿದಂತೆ ನಟಿಸಲಿ. ಅದೇ ಹಾಡು, ಅದೇ ವಾಲ್ಯೂಮ್. ಯಾವ ಕೇಬಲ್ ಎಂದು ನೀವು ಬರೆದಿಡಿ. ಹೀಗೆ 10 ಸಲ. ಬರೀ ಊಹೆಯಿಂದ 10ರಲ್ಲಿ 9 ಅಥವಾ 10 ಸರಿಯಾಗುವ ಸಾಧ್ಯತೆ ನೂರಕ್ಕೆ ಸುಮಾರು ಒಂದು. ನಿಮಗೆ ಅಷ್ಟು ಅಂಕ ಬಂದರೆ ಆ ಕೇಬಲ್ ಕೊಳ್ಳಿ, ನನ್ನ ಅಭ್ಯಂತರವಿಲ್ಲ. ಐದಾರಕ್ಕೆ ನಿಂತರೆ ಹಣ ಜೇಬಿನಲ್ಲೇ ಇರಲಿ.

ಆ ಹಣಕ್ಕೆ ಬೇರೆ ಒಳ್ಳೆಯ ದಾರಿಗಳಿವೆ. ಮನೆಯ ಹೈ-ಫೈನಲ್ಲಿ ದನಿಯನ್ನು ಅತಿ ಹೆಚ್ಚು ಬದಲಿಸುವುದು ಸ್ಪೀಕರ್. ಅದರ ನಂತರ ಅದಿರುವ ಕೋಣೆ. ನಮ್ಮ ಮನೆಗಳ ಗ್ರಾನೈಟ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ ಸ್ವರವನ್ನು ಅತ್ತಿಂದಿತ್ತ ಎಸೆದು ಹಾಡಿನ ಮಾತುಗಳನ್ನೇ ಕಲಸಿಬಿಡುತ್ತವೆ. ಸ್ಪೀಕರ್ ಮತ್ತು ನಿಮ್ಮ ಕುರ್ಚಿಯ ನಡುವೆ ಒಂದು ದಪ್ಪನೆಯ ನವಲಗುಂದದ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಹಾಕಿ. ತಾರಸ್ವರದ ಕರ್ಕಶತೆ ತಗ್ಗುತ್ತದೆ. ಮೂಲೆಗೆ ಒತ್ತಿಟ್ಟ ಸ್ಪೀಕರನ್ನು ಒಂದೆರಡು ಅಡಿ ಮುಂದಕ್ಕೆ ತನ್ನಿ. ಗುಮ್ಮೆನ್ನುತ್ತಿದ್ದ ಮೃದಂಗದ ಎಡಭಾಗ ಬಿಡಿಬಿಡಿಯಾಗಿ ಕೇಳತೊಡಗುತ್ತದೆ. ಈ ಬದಲಾವಣೆಗಳು ಮೀಟರಿನಲ್ಲೂ ಕಾಣುತ್ತವೆ, ಕಣ್ಣು ಮುಚ್ಚಿದರೂ ಕೇಳಿಸುತ್ತವೆ.

ಕೊನೆಯದಾಗಿ ಒಂದು ಮಾತು. ಅಂಗಡಿಗೆ ಹೊರಡುವ ಮುನ್ನ ಎರಡೂ ಉಪಕರಣಗಳ ಹಿಂಬದಿಯ ಫೋಟೊ ತೆಗೆದುಕೊಳ್ಳಿ. ಕೇಬಲ್ ಹಾಯುವ ದಾರಿಯನ್ನು ಟೇಪಿನಲ್ಲಿ ಅಳೆದು ಅರ್ಧ ಮೀಟರ್ ಸೇರಿಸಿ. ಕೊಯಾಕ್ಸಿಯಲ್ ಆದರೆ 75 ಓಮ್, ಎಚ್‌ಡಿಎಂಐ ಆದರೆ ಪ್ರಮಾಣಪತ್ರ, ಯುಎಸ್‌ಬಿ ಆದರೆ ಡೇಟಾ ಎಳೆ ಇದೆಯೇ ಎಂದು ಕೇಳಿ. ಪಿನ್ ಸಡಿಲವಿಲ್ಲದೆ ಬಿಗಿಯಾಗಿ ಕೂರುತ್ತದೆಯೇ ನೋಡಿ, ಬಿಲ್ ಪಡೆಯಿರಿ, ಮನೆಗೆ ಬನ್ನಿ. ದನಿ ಕಡಿಯದೆ, ಟಪ್ ಅನ್ನದೆ ಬಂತೆಂದರೆ ಆ ಕೇಬಲ್ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿದೆ. ಅದಕ್ಕಿಂತ ಉತ್ತಮವಾಗಿ ಆ ಕೆಲಸ ಮಾಡುವ ಕೇಬಲ್ ಎಷ್ಟು ಹಣ ಕೊಟ್ಟರೂ ಸಿಗುವುದಿಲ್ಲ.